ಬಾಗಿಲೊಳಗಿನ ಮಾತು

ಅವರು ತೀರಿಕೊಂಡ ಮಾರನೆಯ ದಿನ ತಿಪಟೂರಿನ ನಮ್ಮ ವಕೀಲರ ಸಂಘದಲ್ಲಿ ಸಂತಾಪ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಶಾಂತಮೂರ್ತಿ ಎಂದರು, ಯಾರ ಮನಸ್ಸನ್ನೂ ನೋಯಿಸದವರು ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಅಳುವಿನ ನಡುವೆಯೂ ಇದ್ಯಾರ ವಿಷಯ ಹೇಳುತ್ತಿದ್ದಾರೆ ಅನ್ನಿಸಿತು. ಅವರಷ್ಟು ಸಿಡುಕಿನ ಹೆಂಗಸನ್ನು ನಮ್ಮ ಕೋರ್ಟಿನಲ್ಲಿ ನಾನು ಬೇರೆ ನೋಡಿಲ್ಲ. ಬೆರಳು ಕಳೆದುಕೊಂಡ ಹೆಂಗಸೊಬ್ಬಳು ಅಳುತ್ತಿರುವಾಗ ಮೊಬೈಲು ನೋಡುತ್ತ ಕೂತಿದ್ದ ಒಬ್ಬ ಹಿರಿಯ ವಕೀಲರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡವರು ಅವರು. ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದ್ದು ಆ ವಕೀಲರೇ.

ಕಪ್ಪು ಕೋಟು ಹಾಕಿದ ಮೊದಲ ವರ್ಷಗಳಲ್ಲಿ ನಾನು ಅವರ ಕೈಕೆಳಗಿದ್ದೆ. ಆಮೇಲೆ ಬೇರೆಯಾಗಿ ಕೆಲಸಗಾರರ ಪರ ಕೇಸು ಹಿಡಿಯತೊಡಗಿದೆ. ಅವರು ವಕೀಲಿಕೆಯನ್ನು ಕಡಿಮೆ ಮಾಡುತ್ತ ಬಂದು ಕೊನೆಗೆ ಸಂಧಾನಕ್ಕೇ ಕೂತರು. ನಮ್ಮ ಕಡೆ ತೆಂಗೇ ಅನ್ನ, ತೆಂಗೇ ಅಪಘಾತ. ಮರದಿಂದ ಬಿದ್ದವರು, ನಾರಿನ ಮಿಷನ್ನಿಗೆ ಕಾಯಿಸಿಪ್ಪೆಯ ಮಟ್ಟೆ ಕೊಡಲು ಹೋಗಿ ಕೈಯನ್ನೇ ಕೊಟ್ಟವರು, ಎಣ್ಣೆ ಮಿಲ್ಲಿನ ಬೆಲ್ಟಿಗೆ ಸೆರಗು ಸಿಕ್ಕಿಸಿಕೊಂಡವರು ಪರಿಹಾರ ಕೇಳಿ ಕೋರ್ಟಿಗೆ ಬರುತ್ತಾರೆ. ವಿಚಾರಣೆಗೆ ಮೊದಲು, ಎರಡೂ ಕಡೆಯವರು ಮಾತಾಡಿ ಬಗೆಹರಿಸಿಕೊಳ್ಳಲಿ ಎಂದು ಅಂಥ ಕೆಲವು ಕೇಸುಗಳನ್ನು ಸಂಧಾನಕ್ಕೆ ಕಳಿಸುವುದುಂಟು. ಆಗ ಇಬ್ಬರ ನಡುವೆ ಕೂರುತ್ತಿದ್ದವರು ಇವರು. ನಾವು ಮೇಡಂ ಅನ್ನುತ್ತಿದ್ದೆವು. ಹಳ್ಳಿಯವರಿಗೆ ಅವರು ಅಮ್ಮಾರು.

ಅವರ ಕೊಠಡಿ ಕೋರ್ಟಿನ ಹಿಂಬದಿಗಿತ್ತು. ನಡುವೆ ಒಂದು ದುಂಡು ಮೇಜು, ಸುತ್ತ ಪ್ಲಾಸ್ಟಿಕ್ ಕುರ್ಚಿಗಳು. ಮಾಲೀಕ ಬಂದು ಕುರ್ಚಿ ಎಳೆದುಕೊಂಡು ಕೂತರೆ ಕೆಲಸಗಾರ ಗೋಡೆಗೆ ಒರಗಿ ನಿಲ್ಲುವುದು ಇಲ್ಲಿನ ಅಭ್ಯಾಸ. ಹಾಗೆ ಅವನು ನಿಂತರೆ ಇವರೂ ನಿಂತೇ ಇರುತ್ತಿದ್ದರು. ಇವರು ನಿಂತಿರುವುದನ್ನು ನೋಡಿ ವಕೀಲರು ಏಳುತ್ತಿದ್ದರು, ಆಮೇಲೆ ಮಾಲೀಕನೂ ಮುಜುಗರಪಟ್ಟು ಏಳುತ್ತಿದ್ದ. ಎಲ್ಲರೂ ಸುಮ್ಮನೆ ನಿಂತಿರುವುದು ತಡೆಯಲಾರದೆ ಕೊನೆಗೆ ಅವನೇ ‘ಕೂತ್ಕಳಯ್ಯ ಅತ್ಲಾಗೆ’ ಅನ್ನಬೇಕಾಗುತ್ತಿತ್ತು. ಅಲ್ಲಿಗೆ ಅರ್ಧ ಕೆಲಸ ಆಯಿತು ಎಂದು ಮೇಡಂ ನನಗೆ ಹೇಳುತ್ತಿದ್ದರು.

ಕೂತ ಮೇಲೆ ಅವರು ಹೇಳುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ. “ಈ ಬಾಗಿಲೊಳಗೆ ಆಡಿದ್ದು ಈ ಬಾಗಿಲು ದಾಟಲ್ಲ. ನಾಳೆ ಕೇಸು ನಡೆದರೆ ಜಡ್ಜೇ ಕರೆದು ಕೇಳಿದರೂ ನಾನು ಹೇಳಲ್ಲ. ಧೈರ್ಯವಾಗಿ ಮಾತಾಡಿ.” ಸಂಧಾನದ ನಿಯಮವೇ ಹಾಗಿದೆ. ಉಳಿದವರು ಅದನ್ನು ಗಡಿಬಿಡಿಯಲ್ಲಿ ಓದಿ ಮುಗಿಸುತ್ತಾರೆ. ಇವರು ಒಬ್ಬೊಬ್ಬರ ಮುಖ ನೋಡಿ, ಅವರು ತಲೆಯಾಡಿಸುವ ತನಕ ಕಾದು ಮುಂದೆ ಹೋಗುತ್ತಿದ್ದರು. ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆಯುವುದು ಅವರ ಕ್ರಮ.

ತುರುವೇಕೆರೆ ಕಡೆಯ ಒಬ್ಬಳು ನಾರಿನ ಮಿಲ್ಲಿನಲ್ಲಿ ಬಲಗೈಯ ಬೆರಳುಗಳನ್ನು ಕಳೆದುಕೊಂಡಿದ್ದಳು. ಅವಳ ಗಂಡ ಬಹಳ ಮಾತುಗಾರ. ಇಷ್ಟು ಕೊಟ್ಟರೆ ಮುಗಿಸುತ್ತೀವಿ ಎಂದು ಅವನೇ ಹೇಳಿ, ಮಿಲ್ಲಿನವರೂ ಒಪ್ಪಿ, ಬರೆಯುವುದೊಂದೇ ಬಾಕಿಯಿತ್ತು. ಮೇಡಂ ಗಂಡನನ್ನು ಟೀ ತರಲು ಅಟ್ಟಿದರು. ಆಮೇಲೆ ಅವಳ ಕಡೆ ತಿರುಗಿ, ನಿನಗೇನು ಬೇಕವ್ವ ಎಂದು ಕೇಳಿದರು. ಅವಳು ಬಹಳ ಹೊತ್ತು ಕೈಗೆ ಸುತ್ತಿದ ಬಟ್ಟೆಯನ್ನು ನೋಡುತ್ತ ಕೂತು, ತನಗೆ ಅದೇ ಮಿಲ್ಲಿನಲ್ಲಿ ಕೆಲಸ ಬೇಕು, ಮನೆಯಲ್ಲಿ ಕೂತರೆ ತಾನು ಬದುಕುವುದಿಲ್ಲ ಎಂದಳು. ಕೇಸು ನಡೆದಷ್ಟು ದಿನವೂ ಅದನ್ನು ಅವಳ ವಕೀಲೆಯಾದ ನಾನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಪರಿಹಾರದ ಜೊತೆಗೆ ನಾರು ಒಣಗಿಸುವ ಕಣದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದಾಳೆ.

ಮೇಡಂ ಮಾಯಸಂದ್ರ ಕಡೆಯ ಕೊಬ್ಬರಿ ವ್ಯಾಪಾರದ ಮನೆತನದವರು. ಅಣ್ಣತಮ್ಮಂದಿರಿಗೆಲ್ಲ ಅಂಗಡಿ, ತೋಟ, ಗೋದಾಮು. ಅದರಿಂದ ಮಾಲೀಕರಾದವರು ನಮ್ಮ ಹುಡುಗಿ ಎಂದು ಸಲಿಗೆಯಿಂದ ಬರುತ್ತಿದ್ದರು, ಮೋರೆ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು. ಕೆಲಸಗಾರರು ಇವರೂ ಅವರ ಕಡೆಯವರೇ ಎಂದು ಅನುಮಾನದಿಂದ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಹಳೇ ಸ್ಕೂಟರಿನಲ್ಲಿ ಓಡಾಡುತ್ತಿದ್ದರು, ಬಹಳ ಕೆಟ್ಟದಾಗಿ ಓಡಿಸುತ್ತಿದ್ದರು. ಕಾಲು ಮುಟ್ಟಿ ನಮಸ್ಕರಿಸಲು ಬಂದವರನ್ನು ಬೈದು ಓಡಿಸಿ, ಅವರನ್ನೇ ಹಿಂದೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟುಬರುತ್ತಿದ್ದರು.

ಇದೆಲ್ಲ ಚಿತ್ತಯ್ಯನ ಕೇಸಿಗೆ ಮೊದಲಿನ ಮಾತು.

ಚಿತ್ತಯ್ಯ ಬೋರನಕಣಿವೆ ಹತ್ತಿರದ ಒಂದು ಗೊಲ್ಲರ ಹಟ್ಟಿಯವನು. ಎಳನೀರು ಇಳಿಸುವುದರಲ್ಲಿ ಪಳಗಿದವನು. ಗೊನೆಗೆ ಹಗ್ಗ ಕಟ್ಟಿ, ಒಂದು ಕಾಯಿಯೂ ಒಡೆಯದ ಹಾಗೆ ನೆಲಕ್ಕೆ ಬಿಡುತ್ತಿದ್ದ. ಬಿಳಿಗೆರೆ ಕಡೆಯ ಒಂದು ತೋಟದಲ್ಲಿ ಒಂದು ಬೆಳಗ್ಗೆ ಮರದಿಂದ ಬಿದ್ದ. ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಎಲ್ಲ ನಿಂತುಹೋಯಿತು. ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ.

ಕೇಸಿನಲ್ಲಿದ್ದ ತೊಡಕು ಒಂದೇ: ಅವನನ್ನು ಕೆಲಸಕ್ಕೆ ಕರೆದವರು ಯಾರು? ತೋಟದ ಯಜಮಾನರು, ನಾನು ಎಳನೀರನ್ನು ಮರದ ಮೇಲೆಯೇ ಗುತ್ತಿಗೆಗೆ ಕೊಟ್ಟುಬಿಟ್ಟಿದ್ದೆ, ಹತ್ತಿಸಿದವನು ಗುತ್ತಿಗೆದಾರ ಎಂದರು. ಗುತ್ತಿಗೆದಾರ ಮಹಾಲಿಂಗ, ನಾನು ನೆಲಕ್ಕೆ ಬಿದ್ದ ಕಾಯನ್ನು ಕೊಳ್ಳುವವನು, ಹತ್ತಿದವನು ಯಾರೋ ನನಗೆ ಗೊತ್ತಿಲ್ಲ ಎಂದ. ಕೂಲಿಯನ್ನು ಕೈಗೆ ಕೊಡುವ ಕೆಲಸ. ಯಾವುದಕ್ಕೂ ಬರಹವಿಲ್ಲ. ಅವತ್ತು ಜೊತೆಗಿದ್ದವರೆಲ್ಲ ಮಹಾಲಿಂಗನ ಹತ್ತಿರವೇ ಕೂಲಿಗೆ ಹೋಗುವವರು. ಅವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು.

ಚಿತ್ತಯ್ಯ ಕೋರ್ಟಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಮೇಡಂ ಜಡ್ಜರ ಒಪ್ಪಿಗೆ ಪಡೆದು ಸಂಧಾನವನ್ನೇ ಹಟ್ಟಿಗೆ ಒಯ್ದರು. ಗುಡಿಸಲಿನ ಮುಂದೆ ಚಪ್ಪರದ ಕೆಳಗೆ ಅವನ ಮಂಚ. ಮಲಗಿ ಮಲಗಿ ಬೆನ್ನು ಹುಣ್ಣಾಗಿತ್ತು. ವಾಸನೆ ಬರುತ್ತಿತ್ತು. ತೋಟದ ಯಜಮಾನರು ಟವೆಲ್ಲನ್ನು ಮೂಗಿಗೆ ಹಿಡಿದುಕೊಂಡರು. ಮಹಾಲಿಂಗ ಮುಳ್ಳುಬೇಲಿಯ ಹತ್ತಿರವೇ ನಿಂತುಬಿಟ್ಟ. ಮೇಡಂ ಕುರ್ಚಿಯನ್ನು ಮಂಚದ ತಲೆದಿಕ್ಕಿಗೆ ಎಳೆದುಕೊಂಡು ಕೂತು, ತಮ್ಮ ಎಂದಿನ ಮಾತು ಹೇಳಿದರು. ಬಾಗಿಲೇ ಇರಲಿಲ್ಲ. ಈ ಚಪ್ಪರದ ಕೆಳಗೆ ಆಡಿದ್ದು ಚಪ್ಪರ ದಾಟಲ್ಲ ಎಂದರು. ಚಿತ್ತಯ್ಯ ತಲೆಯಾಡಿಸಿದ. ಆಮೇಲೆ ಅವನು ಕೇಳಿದ್ದನ್ನು ನಾನು ಮರೆಯಲಾರೆ.

“ಅಮ್ಮಾರೇ, ನಾನು ಅಲ್ಲೇ ಸತ್ತೋಗಿದ್ರೆ ಇವ್ಳಿಗೆ ಬಿರ್ರನೆ ಸಿಕ್ತಿತ್ತಾ?”

ಹೆಂಡತಿ ಜುಂಜಮ್ಮ ನೀರಿನ ಚೊಂಬು ಹಿಡಿದು ಅಲ್ಲೇ ನಿಂತಿದ್ದಳು. ಮೇಡಂ ಹಾಗೆಲ್ಲ ಅನ್ನಬೇಡ ಎಂದು ಸಮಾಧಾನ ಹೇಳಲಿಲ್ಲ.

“ಇಲ್ಲ,” ಎಂದರು. “ನೀನು ಸತ್ತಿದ್ದರೂ ಇವರಿಬ್ಬರೂ ಹೀಗೇ ನಿಂತಿರೋರು. ನೀನು ಇರೋದರಿಂದ ಅವಳಿಗೆ ನಷ್ಟ ಏನಿಲ್ಲ. ಅದನ್ನ ತಲೆಯಿಂದ ತೆಗಿ.”

ಚಿತ್ತಯ್ಯ ಕಣ್ಣು ಮುಚ್ಚಿಕೊಂಡ. ಆ ಉತ್ತರದಿಂದ ಅವನಿಗೆ ನಿಜವಾಗಿ ಹಗುರವಾದಂತೆ ನನಗೆ ಕಂಡಿತು. ಅವತ್ತು ಬೇರೇನೂ ಆಗಲಿಲ್ಲ.

ಮುಂದಿನ ವಾರ ಮಹಾಲಿಂಗನನ್ನು ಕೋರ್ಟಿನ ಕೊಠಡಿಗೆ ಒಬ್ಬನನ್ನೇ ಕರೆದರು. ನಾನು, ಜುಂಜಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ತೆರೆದಾಗ ಮಹಾಲಿಂಗ ಯಾರನ್ನೂ ನೋಡದೆ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ಮತ್ತೆ ಮತ್ತೆ ನೀರು ಎರಚಿಕೊಂಡ. ಅವನು ಅತ್ತಿದ್ದ. ಒಳಗೆ ಮೇಡಂ ಎರಡೂ ಕೈ ಮೇಜಿನ ಮೇಲಿಟ್ಟು ಕೂತಿದ್ದರು. ನಾಡಿದ್ದು ಬರುತ್ತಾನೆ, ಎಷ್ಟು ಕೊಡಬಲ್ಲ ಎಂದು ಲೆಕ್ಕ ಹಾಕಿಕೊಂಡು ಬರುತ್ತಾನೆ ಎಂದಷ್ಟೇ ಹೇಳಿದರು. ಜುಂಜಮ್ಮ ಅವತ್ತು ನನ್ನ ಕೈ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನ ತನಕ ನಡೆದಳು.

ನಾಡಿದ್ದು ಅವನು ಬಂದ, ಜೊತೆಗೆ ವ್ಯಾಪಾರದಲ್ಲಿ ಪಾಲುದಾರನಾದ ಭಾವಮೈದನೂ ಬಂದ. ಮಾತಾಡಿದ್ದೆಲ್ಲ ಭಾವಮೈದನೇ. ಇವನಿಗೆ ಕೊಟ್ಟರೆ ನಾಳೆ ಮರ ಹತ್ತುವ ಪ್ರತಿಯೊಬ್ಬನೂ ಕೇಸು ಹಾಕುತ್ತಾನೆ, ನಮಗೂ ಇವನಿಗೂ ಸಂಬಂಧವಿಲ್ಲ, ಕೋರ್ಟೇ ತೀರ್ಮಾನ ಮಾಡಲಿ ಎಂದ. ಮಹಾಲಿಂಗ ನೆಲ ನೋಡುತ್ತಿದ್ದ. ಮೇಡಂ ಅವನನ್ನೇ ನೋಡಿ, ನೀನೇನು ಹೇಳ್ತೀಯ ಎಂದು ಕೇಳಿದರು. ಭಾವ ಹೇಳಿದ ಹಾಗೆ ಎಂದ. ಸಂಧಾನ ಆಗಲಿಲ್ಲ ಎಂದು ಬರೆದು ಕಡತವನ್ನು ಕೋರ್ಟಿಗೆ ವಾಪಸು ಕಳಿಸಿದರು.

ಅವತ್ತು ಸಂಜೆ ನಾನು ಅವರ ಮನೆಗೆ ಹೋದೆ. ಮಹಡಿಯ ಮೇಲೆ ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆಯುತ್ತಿದ್ದರು. ಅವನು ಒಳಗೆ ಏನು ಹೇಳಿದ ಎಂದು ನೇರವಾಗಿ ಕೇಳಿದೆ.

“ಅದನ್ನ ನನ್ನ ಕೇಳಬೇಡ ಕಣೇ.”

“ಅವನು ಒಪ್ಪಿಕೊಂಡಿದಾನೆ. ಅವನ ಮುಖ ನೋಡಿದೆ ನಾನು. ಅವನೇ ಹತ್ತಿಸಿದ್ದು ಅಂತ ನಿಮಗೆ ಗೊತ್ತು.”

“ನಿನ್ನ ಕಣ್ಣಿಗೆ ಏನು ಕಾಣಿಸಿತೋ ಅದು ನಿಂದು. ನನಗೆ ಕೇಳಿಸಿದ್ದು ನಂದಲ್ಲ.”

ನನಗೆ ಸಿಟ್ಟು ಬಂತು. ಅಲ್ಲಿ ಒಬ್ಬ ಮನುಷ್ಯ ಕೊಳೆಯುತ್ತಿದ್ದಾನೆ, ನಿಮಗೆ ನಿಯಮ ದೊಡ್ಡದಾಯಿತೇ ಎಂದು ಕೇಳಿದೆ. ಸಾಕ್ಷಿ ಹೇಳುವುದು ಬೇಡ, ಯಾರನ್ನು ಹಿಡಿದರೆ ಬಾಯಿ ಬಿಡುತ್ತಾರೆ ಅನ್ನುವುದನ್ನಾದರೂ ನನ್ನ ಕಿವಿಯಲ್ಲಿ ಹೇಳಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ಬಟ್ಟೆಯ ರಾಶಿಯನ್ನು ಎದೆಗೆ ಒತ್ತಿಕೊಂಡು ನಿಂತರು. ಅವನು ತಮ್ಮನ್ನು ನಂಬಿ ಮಾತಾಡಿದ, ಇವತ್ತು ಅದನ್ನು ಹೊರಗೆ ಹಾಕಿದರೆ ನಾಳೆಯಿಂದ ಆ ಕೊಠಡಿಯಲ್ಲಿ ಯಾರೂ ನಿಜ ಆಡುವುದಿಲ್ಲ, ಆ ನಾರಿನ ಮಿಲ್ಲಿನ ಹೆಂಗಸು ಅಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡಿದ್ದು ಯಾವ ಧೈರ್ಯದ ಮೇಲೆ ಎಂದು ಕೇಳಿದರು. ನಾನು ಮೆಟ್ಟಿಲಿಳಿದು ಬಂದೆ. ಎಷ್ಟೋ ದಿನ ಅವರ ಜೊತೆ ಮಾತಾಡಲಿಲ್ಲ.

ಕೇಸು ವಿಚಾರಣೆಗೆ ಬಂತು. ಪ್ರತಿ ತಾರೀಕಿಗೂ ಮೇಡಂ ಬಂದು ಕೋರ್ಟು ಹಾಲಿನ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಅವರಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಮಹಾಲಿಂಗ ತಾನು ಕೂತ ಜಾಗದಿಂದ ತಿರುಗಿ ನೋಡಿದರೆ ಕಾಣುವ ಹಾಗೆ ಕೂರುತ್ತಿದ್ದರು. ಬಾಯಿ ಬಿಡದೆ ಅವರಿಂದ ಆಗುವುದು ಅಷ್ಟೇ ಇತ್ತು ಅನ್ನಿಸುತ್ತದೆ. ಅವನು ಒಂದು ದಿನ ಕುಗ್ಗುತ್ತಾನೆ ಎಂದು ನಾನೂ ಆಸೆ ಇಟ್ಟುಕೊಂಡಿದ್ದೆ.

ಮಹಾಲಿಂಗ ಕಟಕಟೆಗೆ ಬಂದ ದಿನ ನಾನೇ ಅವನನ್ನು ಪ್ರಶ್ನೆ ಮಾಡಿದೆ. ಚಿತ್ತಯ್ಯನನ್ನು ಮರ ಹತ್ತು ಎಂದವರು ಯಾರು ಎಂದು ಕೇಳಿದೆ. ಅವನು ಹಾಲಿನ ಹಿಂಬದಿಗೆ ಒಮ್ಮೆ ನೋಡಿದ. ಆಮೇಲೆ, ಆ ಹೆಸರಿನವನನ್ನು ತಾನು ನೋಡೇ ಇಲ್ಲ ಎಂದ. ಮೇಡಂ ಎದ್ದು ಹೊರಗೆ ಹೋದರು. ಅವರ ಚಪ್ಪಲಿಯ ಸದ್ದು ಕಾರಿಡಾರಿನ ಉದ್ದಕ್ಕೂ ಕೇಳಿಸಿತು.

ಅರ್ಜಿ ವಜಾ ಆಯಿತು. ಯಾರ ಕೆಲಸಗಾರ ಎಂಬುದು ರುಜುವಾತಾಗಿಲ್ಲ ಎಂದು ಆದೇಶ. ಇದ್ದ ಸಾಕ್ಷ್ಯದ ಮೇಲೆ ಬೇರೆ ಯಾವ ಜಡ್ಜಾದರೂ ಅದನ್ನೇ ಬರೆಯುತ್ತಿದ್ದರು. ನಾನು ಹೈಕೋರ್ಟಿಗೆ ಮೇಲ್ಮನವಿ ಹಾಕಿಸಿದೆ.

ಆದೇಶವನ್ನು ಜುಂಜಮ್ಮನಿಗೆ ಹೇಳಲು ನಾನು ಹಟ್ಟಿಗೆ ಹೊರಟಾಗ ಮೇಡಂ ತಾವೂ ಬರುತ್ತೇನೆ ಎಂದರು. ಬೇಡ ಎಂದೆ, ಕೇಳಲಿಲ್ಲ. ಜುಂಜಮ್ಮ ನಾವು ಬರುವುದನ್ನು ಕಂಡು ಬೇಲಿಯ ಬಾಯಿಗೇ ಬಂದು ನಿಂತಳು. ಕೂಗಾಡಲಿಲ್ಲ. ಮೆಲ್ಲಗೆ ಹೇಳಿದಳು.

“ನೀವು ಬರಬ್ಯಾಡಿ ಅಮ್ಮಾರೇ. ಅವ್ನು ನಿಮ್ಮ ಮುಂದೆ ಏನಂದ ಅಂತ ನಿಮ್ಗೆ ಗೊತ್ತು. ನೀವು ಒಂದು ಮಾತು ಆಡಿದ್ರೆ ಮುಗೀತಿತ್ತು.”

ಮೇಡಂ ಏನೋ ಹೇಳಲು ಬಾಯಿ ತೆರೆದರು. ಗೊತ್ತು ಅನ್ನುವಂತಿಲ್ಲ, ಗೊತ್ತಿಲ್ಲ ಎಂದು ಸುಳ್ಳು ಹೇಳುವಂತಿಲ್ಲ. ತಿರುಗಿ ರಸ್ತೆಗೆ ಹೋಗಿ, ಬಿಸಿಲಲ್ಲಿ ಒಂದು ಮೋರಿಯ ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಹೋಗಿ ಚಿತ್ತಯ್ಯನಿಗೆ ವಿಷಯ ತಿಳಿಸಿ ಬರುವ ತನಕ ಹಾಗೇ ಕೂತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದೆವು. ತಿಪಟೂರು ಬರುವ ತನಕ ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಆ ವಾರವೇ ಸಂಧಾನಕಾರರ ಪಟ್ಟಿಯಿಂದ ತಮ್ಮ ಹೆಸರು ತೆಗೆಸಿದರು. ಜಡ್ಜರು ಕರೆದು ಕಾರಣ ಕೇಳಿದರಂತೆ, ಆರೋಗ್ಯ ಸರಿಯಿಲ್ಲ ಎಂದರಂತೆ. ಆಗ ಸುಳ್ಳಾಗಿದ್ದ ಆ ಮಾತು ಬೇಗ ನಿಜವಾಯಿತು. ನಿದ್ದೆ ಹೋಯಿತು, ಊಟ ಹೋಯಿತು. ಹೃದಯದ ತೊಂದರೆ ಎಂದರು ಡಾಕ್ಟರು. ಮಳೆಗಾಲದ ಕೊನೆಯಲ್ಲಿ ಚಿತ್ತಯ್ಯ ತೀರಿಕೊಂಡ. ಬೆನ್ನ ಹುಣ್ಣಿನ ನಂಜು ಮೈಗೆಲ್ಲ ಏರಿತ್ತು. ಅವರಿಗೆ ಹೇಳದಿರೋಣ ಎಂದುಕೊಂಡೇ ಹೋದೆ. ನನ್ನ ಮುಖ ನೋಡಿ ಅವರೇ ಕೇಳಿದರು. ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದರು. ಗೋಡೆಗೆ ಹೇಳುವವರಂತೆ ಮಾತಾಡಿದರು.

“ಬಾಯಿ ಬಿಟ್ರೆ ಆ ಕೊಠಡಿ ಹಾಳಾಗುತ್ತೆ ಅಂದೆ ನಿನಗೆ. ಕೊಠಡಿ ಉಳಿಸಿದೆ. ಈಗ ಅದರೊಳಗೆ ಕೂರೋಕೆ ನನಗೇ ಆಗಲ್ಲ. ಯಾರಿಗೆ ಅಂತ ಉಳಿಸಿದೆನೇ?”

ನೀವು ಮಾಡಿದ್ದು ಸರಿ ಎಂದು ಆಗ ನಾನು ಹೇಳಬಹುದಿತ್ತು. ಸಾಯುತ್ತಿರುವವರಿಗೆ ಹೇಳಬೇಕಾದ ಮಾತು ಅದು. ಆದರೆ ನನಗೆ ಹಾಗೆ ಅನ್ನಿಸಿರಲಿಲ್ಲ. ಸುಳ್ಳು ಹೇಳಿದ್ದರೆ ಅವರಿಗೆ ತಿಳಿದುಬಿಡುತ್ತಿತ್ತು. ಕೈ ಹಿಡಿದುಕೊಂಡು ಕೂತೆ.

ಚಳಿಗಾಲದಲ್ಲಿ ಅವರು ಹೋದರು. ಮಾಯಸಂದ್ರದ ಹತ್ತಿರ ಅವರ ತೋಟದಲ್ಲೇ ಮಣ್ಣು ಮಾಡಿದರು. ವಕೀಲರು ಬಂದಿದ್ದರು, ವ್ಯಾಪಾರಸ್ಥರು ಬಂದಿದ್ದರು, ನಾರಿನ ಮಿಲ್ಲಿನ ಆ ಹೆಂಗಸು ಬಂದು ಒಂದು ಮೂಲೆಯಲ್ಲಿ ಎಡಗೈಯಿಂದ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು. ಜುಂಜಮ್ಮ ಬರಲಿಲ್ಲ. ಮಣ್ಣು ಹಾಕಿ ಜನ ಚದುರುವಾಗ ಮಹಾಲಿಂಗ ನನ್ನ ಹತ್ತಿರ ಬಂದ. ಬಹಳ ಇಳಿದುಹೋಗಿದ್ದ.

“ಅಮ್ಮಾರು ನಿಮ್ಗೂ ಹೇಳ್ಲಿಲ್ವಾ?” ಎಂದು ಕೇಳಿದ.

ಏನನ್ನು ಎಂದೆ. ಅವನು ನಂಬದವನಂತೆ ನನ್ನನ್ನೇ ನೋಡಿದ. ನೀವು ಅವರ ಶಿಷ್ಯೆ, ಇದು ನಿಮ್ಮದೇ ಕೇಸು, ನಿಮಗೆ ಹೇಳಿಯೇ ಇರುತ್ತಾರೆ ಎಂದುಕೊಂಡಿದ್ದೆ ಎಂದ. ಕಟಕಟೆಯಲ್ಲಿ ನಿಂತಾಗ ನಾನು ಎತ್ತುವ ಪ್ರತಿ ಪ್ರಶ್ನೆಗೂ, ತಾನು ಅವರಿಗೆ ಹೇಳಿದ್ದು ಈಗ ಹೊರಗೆ ಬರುತ್ತದೆ ಎಂದು ಕಾದಿದ್ದನಂತೆ. ಬರಲೇ ಇಲ್ಲವಂತೆ. ನಾನು ಇನ್ನೇನೂ ಕೇಳಲಿಲ್ಲ. ಅವನೂ ಹೇಳದೆ ಹೊರಟುಹೋದ.

ಮುಂದಿನ ಬೇಸಿಗೆಯಲ್ಲಿ ಹೈಕೋರ್ಟು, ಸಾಕ್ಷ್ಯವನ್ನು ಮತ್ತೊಮ್ಮೆ ಕೇಳಿ ತೀರ್ಮಾನಿಸಿ ಎಂದು ಕೇಸನ್ನು ನಮ್ಮ ಕೋರ್ಟಿಗೇ ವಾಪಸು ಕಳಿಸಿತು. ಚಿತ್ತಯ್ಯನ ಜಾಗದಲ್ಲಿ ಜುಂಜಮ್ಮನ ಹೆಸರು ಬಂತು. ಮಹಾಲಿಂಗನನ್ನು ಪುನಃ ಕಟಕಟೆಗೆ ಕರೆಸಿದೆ. ಹಿಂದೆ ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ, ಹೆಚ್ಚು ಆಸೆಯಿಲ್ಲದೆ. ಅವನು ಕಟಕಟೆಯ ಮರವನ್ನು ಹಿಡಿದುಕೊಂಡ. ಅವನ ವಕೀಲರು ಎದ್ದು ನಿಂತರು. ಅವನು ಅವರ ಕಡೆ ನೋಡಲಿಲ್ಲ.

“ನಾನೇ ಸ್ವಾಮಿ. ಬೆಳಗ್ಗೆ ಸೋನೆ ಬಿದ್ದಿತ್ತು. ಮರ ಜಾರ್ತದೆ, ಬಿಸ್ಲು ಬರ್ಲಿ ಅಂದ ಅವ್ನು. ಲಾರಿ ನಿಂತದೆ, ಹತ್ತು ಅಂದೆ.”

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಜಡ್ಜರು ಕೇಳಿದರು. ಮಹಾಲಿಂಗ ಅಳುತ್ತಿದ್ದ.

“ಒಬ್ರಿಗೆ ಹೇಳಿದ್ದೆ ಸ್ವಾಮಿ. ಅವ್ರು ಅದನ್ನ ಹೊತ್ಕಂಡೇ ಮಣ್ಣಿಗೆ ಹೋದ್ರು. ನನ್ಕೈಲಿ ಆಗ್ತಿಲ್ಲ.”

ಪರಿಹಾರ ಬಡ್ಡಿ ಸಮೇತ ಮಂಜೂರಾಯಿತು. ಆದೇಶದ ದಿನ ಜುಂಜಮ್ಮನನ್ನು ಕೋರ್ಟಿನ ಮುಂದಿನ ಹೊಂಗೆ ಮರದ ಕೆಳಗೆ ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಮಹಾಲಿಂಗ ಒಪ್ಪಿದ್ದು ಯಾಕೆ, ಮೇಡಂ ಬಾಯಿ ಬಿಡದೆ ಇದ್ದದ್ದು ಯಾಕೆ, ಅದರಿಂದ ಅವರು ಪಟ್ಟ ಪಾಡೇನು, ಹೇಗೆ ಹೋದರು, ಎಲ್ಲ ಹೇಳಿದೆ. ನನಗೇ ಸರಿಯಾಗಿ ಒಪ್ಪಿಗೆಯಾಗದ್ದನ್ನು ಅವಳು ಒಪ್ಪಲಿ ಎಂದು ಆಸೆಪಡುತ್ತಿದ್ದೆ ಅನ್ನಿಸುತ್ತದೆ. ಅವಳು ಕೊನೆಯ ತನಕ ಕೇಳಿದಳು. ಅವರು ಕೊನೆಗಾಲದಲ್ಲಿ ನಿದ್ದೆ ಮಾಡುತ್ತಿರಲಿಲ್ಲ ಎಂದಾಗ ತಲೆ ತಗ್ಗಿಸಿದಳು.

“ಪಾಪ, ದೊಡ್ಡೋರು. ಮಾತು ಉಳಿಸ್ಕಂಡ್ರು,” ಎಂದಳು. ಆಮೇಲೆ, “ನಂಗೆ ಅವ್ನು ಉಳೀಬೇಕಿತ್ತು ಕಣವ್ವ,” ಎಂದಳು.

ಹುಳಿಯಾರಿನ ಬಸ್ಸಿಗೆ ಹೊತ್ತಾಗಿತ್ತು. ಅವಳು ಎದ್ದು, ಸೀರೆಯ ಹಿಂಬದಿಯ ಮಣ್ಣು ಕೊಡವಿಕೊಂಡು ಹೋದಳು.